ಇಟಲಿಯ ಸಾಧಾರಣ ಬಿ ಆ್ಯಂಡ್ ಬಿಯಲ್ಲಿ ವಾಸ: ಕೋಣೆ ಹುಡುಕುವುದರಿಂದ ಕೀಲಿ ಮರಳಿಸುವವರೆಗೆ

ಇಟಲಿಯ ಊರುಗಳಲ್ಲಿ ಬಿ ಆ್ಯಂಡ್ ಬಿ ಎಂಬ ಫಲಕವಿರುವ ತಂಗುದಾಣಗಳಲ್ಲಿ ಹೆಚ್ಚಿನವು ಒಂದು ಕುಟುಂಬ ತನ್ನ ಮನೆಯ ಎರಡು-ಮೂರು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು ನಡೆಸುವಂಥವು. ಅಲ್ಲಿ ಸ್ವಾಗತಕಾರರ ಮೇಜು ಇರುವುದಿಲ್ಲ, ರಾತ್ರಿ ಪಾಳಿಯ ಸಿಬ್ಬಂದಿ ಇರುವುದಿಲ್ಲ, ಪೆಟ್ಟಿಗೆ ಹೊತ್ತುಕೊಡುವವರೂ ಇರುವುದಿಲ್ಲ. ಬಾಗಿಲು ತೆರೆಯುವವರು, ಹಾಸಿಗೆ ಸರಿಪಡಿಸುವವರು, ಬೆಳಿಗ್ಗೆ ಕಾಫಿ ಮಾಡಿಕೊಡುವವರು ಎಲ್ಲರೂ ಅದೇ ಒಬ್ಬಿಬ್ಬರು. ಆದ್ದರಿಂದ ಹೋಟೆಲಿನಲ್ಲಿ ಬಂದಿಳಿದ ಮೇಲೆ ಕೇಳಿದರೆ ಸಾಕಾಗುವ ಸಂಗತಿಗಳನ್ನು ಇಲ್ಲಿ ಕೋಣೆ ಕಾಯ್ದಿರಿಸುವ ಮೊದಲೇ ಬರಹದಲ್ಲಿ ಕೇಳಿ ಇತ್ಯರ್ಥ ಮಾಡಿಕೊಳ್ಳಬೇಕಾಗುತ್ತದೆ. ಕಡಿಮೆ ಬಾಡಿಗೆಯ ವಾಸ ಸುಖಕರವಾಗುವುದೂ ಕಿರಿಕಿರಿಯಾಗುವುದೂ ಬಹುಪಾಲು ಇದೊಂದರ ಮೇಲೆಯೇ ನಿಂತಿದೆ. ಕರ್ನಾಟಕದಿಂದ ಮೊದಲ ಸಲ ಇಟಲಿಗೆ ಹೊರಟಿರುವ, ಮಿತವಾದ ಖರ್ಚಿನಲ್ಲಿ ಕುಟುಂಬದೊಂದಿಗೆ ಸುತ್ತಾಡಬಯಸುವ ಓದುಗರಿಗಾಗಿ ಆ ಸಿದ್ಧತೆಯ ಹಂತಗಳನ್ನು ಮುಂದೆ ವಿವರಿಸಿದೆ.

ಹಂತ 1: ಯಾವ ಬಗೆಯ ಮನೆ ಎಂಬುದನ್ನು ಗುರುತಿಸುವುದು

ಕೊಡಗು, ಚಿಕ್ಕಮಗಳೂರುಗಳ ಹೋಂಸ್ಟೇಗಳಲ್ಲಿ ಊಟ, ತಿಂಡಿ, ಸಂಜೆಯ ಹರಟೆ ಎಲ್ಲವೂ ಬಾಡಿಗೆಯೊಳಗೇ ಸೇರಿರುವುದನ್ನು ಕಂಡವರು ಅದೇ ನಿರೀಕ್ಷೆಯನ್ನು ಇಟಲಿಗೂ ಒಯ್ಯಬಾರದು. ಬಿ ಆ್ಯಂಡ್ ಬಿ ಎಂದರೆ ಅಲ್ಲಿ ಮಲಗಲು ಕೋಣೆ ಮತ್ತು ಬೆಳಗಿನ ಲಘು ತಿಂಡಿ, ಅಷ್ಟೇ. ಇಂಥ ಮನೆಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಒಂದೇ ನಿಯಮಾವಳಿ ಇಲ್ಲ. ಇಟಲಿಯ 20 ಪ್ರದೇಶಗಳು ಕೋಣೆಗಳ ಸಂಖ್ಯೆ, ಮಾಲೀಕರು ಅಲ್ಲೇ ವಾಸಿಸಬೇಕೆ ಎಂಬಂಥ ವಿಷಯಗಳಲ್ಲಿ ತಮ್ಮ ತಮ್ಮ ಕಾನೂನು ಮಾಡಿಕೊಂಡಿವೆ. ಹುಡುಕುವಾಗ ಇನ್ನೂ ಕೆಲವು ಹೆಸರುಗಳು ಎದುರಾಗುತ್ತವೆ. ಅಫಿತ್ತಾಕಾಮೆರೆ ಎಂದಿದ್ದರೆ ಅದು ಬಾಡಿಗೆ ಕೋಣೆ, ತಿಂಡಿ ಇರಲೇಬೇಕೆಂದಿಲ್ಲ. ಕಾಸಾ ವಕಾನ್ತ್ಸೆ ಎಂದರೆ ಅಡುಗೆಮನೆ ಸಹಿತವಾದ ಇಡೀ ಮನೆ. ಅಗ್ರಿತುರಿಸ್ಮೊ ಎಂಬುದು ಬೇಸಾಯವನ್ನೇ ಮುಖ್ಯ ಕಸುಬಾಗಿ ಉಳಿಸಿಕೊಂಡ ಕೃಷಿಕರು ತಮ್ಮ ತೋಟದಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆ. 2006ರ ರಾಷ್ಟ್ರೀಯ ಕಾನೂನು ಅದಕ್ಕೆ ಚೌಕಟ್ಟು ಒದಗಿಸಿದೆ. ಊಟದ ದೃಷ್ಟಿಯಿಂದ ತೋಟದ ಮನೆಗಳೇ ಮೇಲು, ಆದರೆ ಕಾರಿಲ್ಲದೆ ಅವುಗಳನ್ನು ತಲುಪುವುದು ಬಹಳ ಕಡೆ ಕಷ್ಟ.

ಯಾವ ಬಗೆಯ ಮನೆಯಾದರೂ ನೋಡಲೇಬೇಕಾದ ಗುರುತೊಂದಿದೆ. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಪ್ರತಿಯೊಂದು ವಸತಿಯೂ ಚಿನ್ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆಯನ್ನು ಪಡೆದು, ಅದನ್ನು ಕಟ್ಟಡದ ಹೊರಗೂ ಜಾಲತಾಣದ ಜಾಹೀರಾತಿನಲ್ಲೂ ಪ್ರಕಟಿಸಬೇಕೆಂಬ ನಿಯಮ 2025ರ ಜನವರಿ 1ರಿಂದ ಕಡ್ಡಾಯವಾಗಿದೆ. ಜಾಹೀರಾತಿನಲ್ಲಿ ಆ ಸಂಖ್ಯೆ ಕಾಣದಿದ್ದರೆ ಒಮ್ಮೆ ಕೇಳಿ. ಹಾರಿಕೆಯ ಉತ್ತರ ಬಂದರೆ ಆ ಮನೆಯನ್ನು ಬಿಟ್ಟುಬಿಡಿ. ನೋಂದಣಿಯಿಲ್ಲದ ಮನೆಯಲ್ಲಿ ತಂಗಿದ ಅತಿಥಿಯ ವಿವರ ಪೊಲೀಸರಿಗೂ ತಲುಪದೆ ಹೋಗಬಹುದು, ಅದರ ತೊಡಕೇನೆಂಬುದು ಮುಂದೆ ತಿಳಿಯುತ್ತದೆ.

ಹಂತ 2: ಕಾಲ, ಊರು ಮತ್ತು ರಾತ್ರಿಗಳ ಲೆಕ್ಕ

ನಮ್ಮ ಶಾಲೆಗಳ ಬೇಸಿಗೆ ರಜೆ ಇಟಲಿಯ ವಸಂತಕ್ಕೆ ಸರಿಹೊಂದುತ್ತದೆ. ಹವೆ ಹಿತವಾಗಿರುತ್ತದೆ ಎಂಬುದೇನೋ ನಿಜ, ಆದರೆ ಈಸ್ಟರ್, ಏಪ್ರಿಲ್ 25ರ ವಿಮೋಚನಾ ದಿನ, ಮೇ 1, ಜೂನ್ 2ರ ಗಣರಾಜ್ಯ ದಿನ ಇವೆಲ್ಲ ಇದೇ ಅವಧಿಯಲ್ಲಿ ಸಾಲಾಗಿ ಬರುವುದರಿಂದ ಆ ವಾರಾಂತ್ಯಗಳಲ್ಲಿ ಇಟಲಿಯವರೇ ಊರೂರು ಸುತ್ತುತ್ತಾರೆ. ಮೂರು ಕೋಣೆಯ ಮನೆ ತಿಂಗಳುಗಳ ಮೊದಲೇ ತುಂಬಿಹೋಗುತ್ತದೆ. ದಸರಾ ರಜೆಯ ಅಕ್ಟೋಬರ್ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಕಾಲ. ಆಗಸ್ಟನ್ನು ಮಾತ್ರ ಆದಷ್ಟೂ ಬಿಡಬೇಕು: 15ರ ಫೆರಾಗೋಸ್ತೊ ಹಬ್ಬದ ಆಸುಪಾಸಿನಲ್ಲಿ ಕಡಲತೀರದ ಊರುಗಳ ಬಾಡಿಗೆ ಏರುತ್ತದೆ, ದೊಡ್ಡ ನಗರಗಳಲ್ಲಿ ಸಣ್ಣ ಅಂಗಡಿ, ಊಟದ ಮನೆಗಳು ಬಾಗಿಲು ಹಾಕುತ್ತವೆ, ಬಿಸಿಲೂ ಕಡು. ಇತ್ತ ನವೆಂಬರಿನಿಂದ ಫೆಬ್ರವರಿಯವರೆಗೆ ನಗರಗಳಲ್ಲಿ ಬಾಡಿಗೆ ಇಳಿದರೂ ಚಿಂಕ್ವೆ ತೆರ್ರೆ, ಅಮಾಲ್ಫಿ ತೀರದಂಥ ಕಡೆ ಅನೇಕ ಮನೆಗಳು ಮುಚ್ಚಿರುತ್ತವೆ.

ಊರಿನ ಆಯ್ಕೆಯಲ್ಲಿ ಒಂದು ಸೂತ್ರ ಇಟ್ಟುಕೊಳ್ಳಬಹುದು. ರಾತ್ರಿಗೊಂದು ಊರು ಬದಲಿಸುವ ಪ್ರವಾಸಕ್ಕೆ ಬಿ ಆ್ಯಂಡ್ ಬಿ ಹೇಳಿಮಾಡಿಸಿದ್ದಲ್ಲ. ಪ್ರತಿ ಸಲವೂ ಬರುವ ಹೊತ್ತು ತಿಳಿಸುವುದು, ಕೀಲಿ ಪಡೆಯುವುದು, ಮನೆಯ ಕಟ್ಟಳೆ ಕಲಿಯುವುದು ಇದರಲ್ಲೇ ಅರ್ಧ ದಿನ ಹೋಗುತ್ತದೆ. ಒಂದೆಡೆ ಮೂರು ನಾಲ್ಕು ರಾತ್ರಿ ನಿಂತು ಸುತ್ತಲಿನ ಊರುಗಳನ್ನು ರೈಲಿನಲ್ಲಿ ನೋಡಿಬರುವುದು ವಾಸಿ. ಬೊಲೊನ್ಯ ಇದಕ್ಕೆ ತಕ್ಕ ಊರು. ಫೆರಾರಾ, ಮೊದೆನಾಗಳು ಅಲ್ಲಿಂದ ಸುಮಾರು ಅರ್ಧ ಗಂಟೆಯ ಹಾದಿ, ರವೆನ್ನಾ ಒಂದು ಗಂಟೆಗೆ ತುಸು ಹೆಚ್ಚು, ವೇಗದ ರೈಲಿನಲ್ಲಿ ಫ್ಲಾರೆನ್ಸ್ 40 ನಿಮಿಷದ ಒಳಗೆ. ಫ್ಲಾರೆನ್ಸಿನೊಳಗೇ ತಂಗುವುದಕ್ಕಿಂತ ಖರ್ಚೂ ಸಾಮಾನ್ಯವಾಗಿ ಕಡಿಮೆ. ಆದರೆ ಬೊಲೊನ್ಯದಲ್ಲಿ ದೊಡ್ಡ ವ್ಯಾಪಾರ ಮೇಳಗಳು ನಡೆಯುವ ವಾರಗಳಲ್ಲಿ ಬಾಡಿಗೆ ಇಮ್ಮಡಿಯಾಗುವುದುಂಟು, ಆದ್ದರಿಂದ ದಿನಾಂಕ ಗೊತ್ತುಮಾಡುವ ಮೊದಲು ಮೇಳಗಳ ಪಟ್ಟಿ ನೋಡಬೇಕು.

ಬೆಟ್ಟದ ಮೇಲಿನ ಊರುಗಳನ್ನು ಆರಿಸುವವರು ಇನ್ನೊಂದನ್ನು ಗಮನಿಸಬೇಕು. ರೈಲು ನಿಲ್ದಾಣ ಕೆಳಗಿರುತ್ತದೆ, ಹಳೆಯ ಊರು ಮೇಲಿರುತ್ತದೆ. ಒರ್ವಿಯೆತೊದಲ್ಲಿ ನಿಲ್ದಾಣದೆದುರಿನಿಂದಲೇ ಹಗ್ಗದ ರೈಲು ಮೇಲಕ್ಕೆ ಒಯ್ಯುತ್ತದೆ, ಸಿಯೆನಾದಲ್ಲಿ ಚಲಿಸುವ ಮೆಟ್ಟಿಲುಗಳ ಸಾಲಿದೆ, ಅಸ್ಸಿಸಿಯಲ್ಲಿ ಬಸ್ಸು ಹಿಡಿಯಬೇಕು. ವೆನಿಸ್‌ನಲ್ಲಿ ಬೆಟ್ಟವಿಲ್ಲದಿದ್ದರೂ ಪ್ರತಿ ಸೇತುವೆಗೂ ಮೆಟ್ಟಿಲಿದೆ. ನಕ್ಷೆಯಲ್ಲಿ ಐದು ನಿಮಿಷ ಎಂದು ಕಂಡ ದಾರಿ ದೊಡ್ಡ ಸೂಟ್‌ಕೇಸಿನೊಂದಿಗೆ ಇಪ್ಪತ್ತು ನಿಮಿಷವಾಗುತ್ತದೆ. ಒಬ್ಬೊಬ್ಬರು ತಾವೇ ಎತ್ತಬಲ್ಲಷ್ಟು ಸಾಮಾನನ್ನು ಮಾತ್ರ ಒಯ್ಯುವುದು ಇಂಥ ಪ್ರವಾಸದ ಮೊದಲ ಶರತ್ತು.

ಹಂತ 3: ಜಾಹೀರಾತನ್ನು ಓದುವುದು

ಚಿತ್ರಗಳಿಗಿಂತ ಸಣ್ಣ ಅಕ್ಷರಗಳ ವಿವರಣೆಯಲ್ಲೇ ನಿಜಾಂಶ ಅಡಗಿರುತ್ತದೆ. ಕೋಣೆಯ ಬಗ್ಗೆ ಮಾತ್ರಿಮೊನಿಯಾಲೆ ಎಂದಿದ್ದರೆ ಒಂದೇ ಜೋಡಿ ಮಂಚ, ದೊಪ್ಪಿಯಾ ಎಂದಿದ್ದರೆ ಸಾಮಾನ್ಯವಾಗಿ ಎರಡು ಬೇರೆ ಮಂಚ. ತಾಯಿ ಮತ್ತು ಬೆಳೆದ ಮಗ, ಅಥವಾ ಇಬ್ಬರು ಸ್ನೇಹಿತರು ಜೊತೆಯಾಗಿ ಹೋಗುವಾಗ ಈ ವ್ಯತ್ಯಾಸ ಮುಖ್ಯ. ನಾಲ್ವರ ಕುಟುಂಬಕ್ಕೆ ಕ್ವಾದ್ರುಪ್ಲಾ ಎಂಬ ಕೋಣೆ ಸಿಕ್ಕಿದರೆ ಅನುಕೂಲ, ಆದರೆ ಅದರಲ್ಲಿ ಎರಡು ಮಲಗುವ ತಾಣಗಳು ಬಿಚ್ಚುವ ಸೋಫಾ ಆಗಿರಬಹುದು.

ಸ್ನಾನಗೃಹದ ವಿಷಯದಲ್ಲಿ ಮೂರು ಸಾಧ್ಯತೆಗಳಿವೆ. ಕೋಣೆಯೊಳಗೇ ಇರುವುದು ಒಂದು. ಬಾನ್ಯೊ ಇನ್ ಕೊಮೂನೆ ಎಂದರೆ ಬೇರೆ ಅತಿಥಿಗಳೊಡನೆ ಹಂಚಿಕೊಳ್ಳುವಂಥದ್ದು. ಇವೆರಡರ ನಡುವೆ ಬಾನ್ಯೊ ಪ್ರಿವಾತೊ ಎಸ್ತೆರ್ನೊ ಎಂಬುದಿದೆ: ಅದು ನಿಮಗೆ ಮಾತ್ರ ಮೀಸಲು, ಆದರೆ ಕೋಣೆಯ ಹೊರಗೆ, ಪಡಸಾಲೆಯ ಆಚೆ ಇರುತ್ತದೆ. ಖರ್ಚು ಉಳಿಸುವವರಿಗೆ ನಾನು ಈ ಮೂರನೆಯದನ್ನೇ ಸೂಚಿಸುತ್ತೇನೆ. ರಾತ್ರಿ ಎದ್ದು ಹೋಗುವ ಹಿರಿಯರಿದ್ದರೆ ಮಾತ್ರ ಬೇಡ. ನೀರಿನ ಬಳಕೆಗೆ ಒಗ್ಗಿದ ನಮ್ಮವರಿಗೆ ಯುರೋಪಿನ ಬೇರೆಡೆ ಕಾಡುವ ಚಿಂತೆ ಇಟಲಿಯಲ್ಲಿ ಅಷ್ಟಾಗಿ ಇಲ್ಲ, ಏಕೆಂದರೆ ಅಲ್ಲಿನ 1975ರ ಒಂದು ಆದೇಶದ ಪ್ರಕಾರ ಪ್ರತಿ ಮನೆಯ ಕನಿಷ್ಠ ಒಂದು ಸ್ನಾನಗೃಹದಲ್ಲಾದರೂ ಬಿದೆ, ಅಂದರೆ ಶೌಚದ ನಂತರ ನೀರಿನಿಂದ ತೊಳೆದುಕೊಳ್ಳುವ ತಗ್ಗಿನ ಬೇಸಿನ್ನು, ಇರಬೇಕು.

ಮಹಡಿ ಮತ್ತು ಲಿಫ್ಟ್ ಇನ್ನೂ ಮುಖ್ಯ. ಹಳೆಯ ಊರಿನ ನಡುವೆ ಅಗ್ಗವಾಗಿ ಸಿಗುವ ಕೋಣೆ ಮೂರನೆಯ ಅಥವಾ ನಾಲ್ಕನೆಯ ಮಹಡಿಯಲ್ಲಿದ್ದು, ಸೆನ್ತ್ಸಾ ಅಶೆನ್ಸೊರೆ ಎಂಬ ಎರಡು ಪದಗಳು, ಅಂದರೆ ಲಿಫ್ಟ್ ಇಲ್ಲವೆಂಬ ಮಾತು, ವಿವರಣೆಯ ಕೊನೆಯಲ್ಲೆಲ್ಲೋ ಇರುತ್ತವೆ. ಲಿಫ್ಟ್ ಇದೆ ಎಂದಿದ್ದರೂ ಅದು ಇಬ್ಬರು ನಿಲ್ಲುವಷ್ಟೇ ಅಗಲವಿರಬಹುದು, ಇಲ್ಲವೇ ಅರ್ಧ ಮಹಡಿ ಹತ್ತಿದ ಮೇಲೆ ಆರಂಭವಾಗಬಹುದು. ನೇಪಲ್ಸ್‌ನ ಕೆಲವು ಹಳೆಯ ಕಟ್ಟಡಗಳಲ್ಲಂತೂ ಲಿಫ್ಟ್‌ಗೆ ನಾಣ್ಯ ಹಾಕಬೇಕಾದ ಪದ್ಧತಿಯಿದೆ. ಮಂಡಿನೋವಿನವರು ಜೊತೆಗಿದ್ದರೆ ರಸ್ತೆಯಿಂದ ಕೋಣೆಯ ಬಾಗಿಲವರೆಗೆ ಒಟ್ಟು ಎಷ್ಟು ಮೆಟ್ಟಿಲು ಎಂದು ಸಂಖ್ಯೆಯಲ್ಲೇ ಕೇಳಿ.

ಬಾಡಿಗೆಯ ಅಂದಾಜು ಹೇಳುವುದಾದರೆ, ಸಣ್ಣ ಊರುಗಳಲ್ಲಿ ಇಬ್ಬರ ಕೋಣೆ ತಿಂಡಿ ಸಹಿತ 60ರಿಂದ 90 ಯೂರೊ ನಡುವೆ ಸಾಮಾನ್ಯವಾಗಿ ದೊರಕುತ್ತದೆ. ರೋಮ್, ಫ್ಲಾರೆನ್ಸ್, ವೆನಿಸ್‌ಗಳಲ್ಲಿ ಜನದಟ್ಟಣೆಯ ತಿಂಗಳುಗಳಲ್ಲಿ 100 ದಾಟುತ್ತದೆ. ಪರದೆಯ ಮೇಲೆ ಕಾಣುವ ಮೊತ್ತಕ್ಕೆ ವಾಸ್ತವ್ಯ ತೆರಿಗೆ ಸೇರಿದೆಯೇ ಎಂದು ನೋಡಬೇಕು, ಬಹುಪಾಲು ಸೇರಿರುವುದಿಲ್ಲ. ತಲೆಗೆ, ರಾತ್ರಿಗೆ ಇಷ್ಟು ಎಂದು ನಗರಸಭೆಗಳು ವಿಧಿಸುವ ಈ ತೆರಿಗೆ ಊರಿಂದೂರಿಗೆ, ವಸತಿಯ ದರ್ಜೆಯಿಂದ ದರ್ಜೆಗೆ ಬದಲಾಗುತ್ತದೆ. 5 ಯೂರೊ ಎಂದಿಟ್ಟುಕೊಂಡರೂ ನಾಲ್ವರು ವಯಸ್ಕರ ನಾಲ್ಕು ರಾತ್ರಿಗೆ 80 ಯೂರೊ ಆಗುತ್ತದೆಂಬುದನ್ನು ಮರೆಯಬಾರದು. ರೋಮ್‌ನಲ್ಲಿ ಗರಿಷ್ಠ 10 ರಾತ್ರಿಗಳಿಗೆ, ಫ್ಲಾರೆನ್ಸಿನಲ್ಲಿ 7 ರಾತ್ರಿಗಳಿಗೆ ಮಾತ್ರ ಅದನ್ನು ವಸೂಲಿ ಮಾಡುತ್ತಾರೆ. ರೋಮ್‌ನಲ್ಲಿ 10 ವರ್ಷದೊಳಗಿನ, ಫ್ಲಾರೆನ್ಸಿನಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ ಇದೆ.

ಹಂತ 4: ಮಾಲೀಕರಿಗೆ ಬರೆಯುವುದು

ಎರಡು ಮೂರು ಮನೆಗಳನ್ನು ಆರಿಸಿದ ಮೇಲೆ ಹಣ ಕಟ್ಟುವ ಮೊದಲು ಪ್ರತಿಯೊಬ್ಬರಿಗೂ ಒಂದು ಸಣ್ಣ ಸಂದೇಶ ಬರೆಯಿರಿ. ಎಷ್ಟು ಜನ, ಮಕ್ಕಳ ವಯಸ್ಸೆಷ್ಟು, ಯಾವ ದಿನ ಯಾವ ಹೊತ್ತಿಗೆ ತಲುಪುತ್ತೀರಿ, ಮೆಟ್ಟಿಲೆಷ್ಟು, ತಿಂಡಿಗೆ ಏನು ಕೊಡುತ್ತಾರೆ, ಕೋಣೆಗೆ ಹವಾನಿಯಂತ್ರಣವಿದೆಯೇ, ಅದಕ್ಕೆ ಬೇರೆ ಹಣವೇ ಎಂಬಿಷ್ಟನ್ನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಕೇಳಿದರೆ ಅನುವಾದ ಯಂತ್ರವೂ ಎಡವುವುದಿಲ್ಲ. ಇಂಗ್ಲಿಷಿನಲ್ಲಿ ಬರೆದರೂ ನಡೆಯುತ್ತದೆ, ಸಣ್ಣ ಊರುಗಳಲ್ಲಿ ಇಟಾಲಿಯನ್ನಿನಲ್ಲಿ ಬರೆದರೆ ಉತ್ತರ ಬೇಗ ಬರುತ್ತದೆ. ಇಟಲಿಯಲ್ಲಿ ವಾಟ್ಸ್ಆ್ಯಪ್ ಬಳಕೆ ನಮ್ಮಷ್ಟೇ ಸಾಮಾನ್ಯ. ಕರೆ ಮಾಡುವುದಾದರೆ ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದಿರುತ್ತಾರೆಂಬುದು ನೆನಪಿರಲಿ. ಬೆಂಗಳೂರಿನ ಬೆಳಗಿನ ಎಂಟು ಗಂಟೆ ಅಲ್ಲಿ ಗಾಢ ನಿದ್ದೆಯ ಹೊತ್ತು.

ಉತ್ತರ ಬಂದ ರೀತಿಯೇ ಮನೆಯ ಪರಿಚಯ ಮಾಡಿಕೊಡುತ್ತದೆ. ಕೇಳಿದ ಪ್ರತಿ ಪ್ರಶ್ನೆಗೂ ಒಂದೊಂದು ಸಾಲಿನಲ್ಲಿ ಉತ್ತರ ಕೊಟ್ಟವರನ್ನು, ಬಾಡಿಗೆ ಹತ್ತು ಯೂರೊ ಹೆಚ್ಚಿದ್ದರೂ, ಆರಿಸುವುದು ಜಾಣತನ.

ಮಾಲೀಕರ ಜೊತೆ ನೇರವಾಗಿ ವ್ಯವಹರಿಸಿದರೆ ಕೆಲವೊಮ್ಮೆ ಬಾಡಿಗೆ ತುಸು ಇಳಿಯುತ್ತದೆ, ಆದರೆ ಕಪಾರಾ ಎಂಬ ಮುಂಗಡವನ್ನು ಬ್ಯಾಂಕ್ ಮೂಲಕ ಕಳುಹಿಸುವಂತೆ ಕೇಳಬಹುದು. ಭಾರತದಿಂದ ಹಣ ಕಳುಹಿಸುವ ಶುಲ್ಕವನ್ನು ಲೆಕ್ಕ ಹಾಕಿದರೆ ಉಳಿತಾಯ ಕರಗಿಹೋಗುತ್ತದೆ. ವೀಸಾ ಇನ್ನೂ ಕೈಸೇರದ ಮೊದಲ ಪ್ರವಾಸಕ್ಕೆ, ಶುಲ್ಕವಿಲ್ಲದೆ ರದ್ದುಮಾಡುವ ಅವಕಾಶವಿರುವ ಪರಿಚಿತ ಜಾಲತಾಣದ ಮೂಲಕ ಕಾಯ್ದಿರಿಸುವುದೇ ಸುರಕ್ಷಿತ. ಹಾಗೆ ಕಾಯ್ದಿರಿಸಿದ ನಂತರ ಹಣಪಾವತಿ ಖಚಿತಪಡಿಸಿ ಎಂದು ಬೇರೊಂದು ಕೊಂಡಿ ಸಂದೇಶದಲ್ಲಿ ಬಂದರೆ ಅದನ್ನು ಒತ್ತಬಾರದು. ಜಾಲತಾಣದೊಳಗೇ ಹೋಗಿ ಪರಿಶೀಲಿಸಬೇಕು.

ಹಂತ 5: ವೀಸಾ ಕಡತಕ್ಕೆ ಕಾಯ್ದಿರಿಸುವಿಕೆಯನ್ನು ಹೊಂದಿಸುವುದು

ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಅಲ್ಪಾವಧಿಯ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ, ಬೇಕು. ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಹದಿನೈದು ದಿನ ಮೊದಲಿನವರೆಗೆ ಅರ್ಜಿ ಸಲ್ಲಿಸಬಹುದು, ಬೆಂಗಳೂರಿನಲ್ಲೂ ಅರ್ಜಿ ಕೇಂದ್ರವಿದೆ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ. ಅರ್ಜಿ ಕೇಂದ್ರದ ಸೇವಾ ಶುಲ್ಕ ಇದರ ಮೇಲೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಇರಬೇಕು. ಪಾಸ್‌ಪೋರ್ಟು ವಾಪಸಾಗುವ ದಿನದ ನಂತರ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು.

ವಾಸದ ದಾಖಲೆಗೆ ಸಂಬಂಧಿಸಿ ಎರಡು ಎಚ್ಚರಿಕೆ. ಮೊದಲನೆಯದು ಹೆಸರು. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಂಡವರು ಅನೇಕರು. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯಿರುತ್ತದೆ, ಇಲ್ಲವೇ ತಂದೆಯ ಹೆಸರೋ ಊರಿನ ಹೆಸರೋ ಅಲ್ಲಿರುತ್ತದೆ. ಕೋಣೆ ಕಾಯ್ದಿರಿಸುವಾಗ ದಿನಬಳಕೆಯ ಹೆಸರು ಬರೆಯದೆ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಕಾಗುಣಿತ ಸಹಿತ, ಬರೆಯಬೇಕು. ಜೊತೆಗೆ ಬರುವ ಎಲ್ಲರ ಹೆಸರೂ ಖಚಿತಪತ್ರದಲ್ಲಿ ಬರುವಂತೆ ಮಾಲೀಕರನ್ನು ಕೇಳಬೇಕು. ಎರಡನೆಯದು ರಾತ್ರಿಗಳ ಕೊಂಡಿ. ಬಂದಿಳಿದ ರಾತ್ರಿಯಿಂದ ಹೊರಡುವ ಹಿಂದಿನ ರಾತ್ರಿಯವರೆಗೆ ಒಂದೂ ಬಿಟ್ಟುಹೋಗಬಾರದು. ಹಲವು ದೇಶ ಸುತ್ತುವವರು ಹೆಚ್ಚು ರಾತ್ರಿ ಕಳೆಯುವ ದೇಶಕ್ಕೇ ಅರ್ಜಿ ಹಾಕಬೇಕಾದ್ದರಿಂದ ಈ ಲೆಕ್ಕ ಅಲ್ಲಿಯೂ ಬೇಕಾಗುತ್ತದೆ.

ವೀಸಾಕ್ಕಾಗಿ ಎಲ್ಲೋ ಒಂದೆಡೆ ಕಾಯ್ದಿರಿಸಿ ತೋರಿಸಿ, ವೀಸಾ ಬಂದ ಮೇಲೆ ಎಲ್ಲವನ್ನೂ ರದ್ದುಮಾಡುವ ಅಭ್ಯಾಸ ನಮ್ಮಲ್ಲಿ ಹರಡಿದೆ. ದೊಡ್ಡ ಹೋಟೆಲಿಗೆ ಅದರಿಂದ ಏನೂ ಆಗದಿರಬಹುದು. ಮೂರೇ ಕೋಣೆಯಿರುವ ಮನೆಗೆ ಒಂದು ವಾರದ ಕೋಣೆ ಕೊನೆಗಳಿಗೆಯಲ್ಲಿ ಖಾಲಿ ಬಿದ್ದರೆ ಆ ತಿಂಗಳ ಆದಾಯದಲ್ಲಿ ದೊಡ್ಡ ಪಾಲೇ ಹೋಗುತ್ತದೆ. ನಿಜವಾಗಿ ತಂಗಲಿರುವ ಮನೆಯನ್ನೇ ಕಾಯ್ದಿರಿಸಿ, ಬದಲಾವಣೆ ಅನಿವಾರ್ಯವಾದರೆ ಬೇಗ ತಿಳಿಸುವುದು ಮರ್ಯಾದೆ.

ಹಂತ 6: ತಲುಪುವ ದಿನ

ವಿಮಾನ ಇಳಿದ ಕೂಡಲೇ ಮನೆಯವರಿಗೆ ಸಂದೇಶ ಕಳುಹಿಸಿ. ರೋಮ್‌ನ ಫ್ಯುಮಿಚೀನೊ ವಿಮಾನ ನಿಲ್ದಾಣದಿಂದ ನಗರದ ಮುಖ್ಯ ರೈಲು ನಿಲ್ದಾಣವಾದ ತೆರ್ಮಿನಿಗೆ ಲಿಯೊನಾರ್ದೊ ಎಕ್ಸ್‌ಪ್ರೆಸ್ ರೈಲು 32 ನಿಮಿಷ ತೆಗೆದುಕೊಳ್ಳುತ್ತದೆ, ಆದರೆ ಗಡಿ ತಪಾಸಣೆಯ ಸಾಲು ಎಷ್ಟು ಹೊತ್ತು ಎಂಬುದು ಊಹೆಗೆ ಸಿಗುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಆರಂಭವಾದ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆಯಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆಯುವುದೂ ಸೇರಿದೆ. ಮಾಲೀಕರು ಬೇರೆಡೆ ಕೆಲಸ ಮಾಡುವವರಾಗಿರಬಹುದು, ನಿಮಗಾಗಿಯೇ ಬಿಡುವು ಮಾಡಿಕೊಂಡು ಬಂದಿರಬಹುದು. ರಾತ್ರಿ ಎಂಟೊಂಬತ್ತರ ನಂತರ ತಲುಪುವವರಿಗೆ ಅನೇಕ ಮನೆಗಳು ಹೆಚ್ಚುವರಿ ಹಣ ಕೇಳುತ್ತವೆ, ಅದನ್ನು ಮೊದಲೇ ತಿಳಿದಿರಬೇಕು.

ಮನೆ ಹುಡುಕುವಾಗ ದೊಡ್ಡ ಫಲಕಕ್ಕಾಗಿ ಕಣ್ಣಾಡಿಸಿ ಪ್ರಯೋಜನವಿಲ್ಲ. ಹೆಬ್ಬಾಗಿಲ ಪಕ್ಕ ಗುಂಡಿಗಳ ಸಾಲಿರುತ್ತದೆ, ಅದರಲ್ಲಿ ಬಿ ಆ್ಯಂಡ್ ಬಿಯ ಹೆಸರಿನ ಬದಲು ಮಾಲೀಕರ ಕುಲನಾಮ ಇರಬಹುದು. ಯಾವ ಹೆಸರಿನ ಗುಂಡಿ ಒತ್ತಬೇಕು, ಎಷ್ಟನೆಯ ಮಹಡಿ, ಯಾವ ಕಡೆಯ ಬಾಗಿಲು ಎಂದು ಮೊದಲೇ ಬರೆಸಿಕೊಂಡಿರಿ. ಕೊಡುವ ಕೀಲಿಗೊಂಚಲಿನಲ್ಲಿ ಬೀದಿಯ ಬಾಗಿಲಿಗೆ, ಮನೆಗೆ, ಕೋಣೆಗೆ ಬೇರೆ ಬೇರೆ ಕೀಲಿಗಳಿರುತ್ತವೆ. ಮಾಲೀಕರು ಹೊರಡುವ ಮೊದಲು ಮೂರನ್ನೂ ಒಮ್ಮೆ ನೀವೇ ತಿರುಗಿಸಿ ನೋಡಿ, ಹಳೆಯ ಬೀಗಗಳಿಗೆ ಅವುಗಳದೇ ಹಟವಿರುತ್ತದೆ.

ಪಾಸ್‌ಪೋರ್ಟು ಕೇಳಿದರೆ ಗಾಬರಿ ಬೇಡ. ತಂಗಿದವರೆಲ್ಲರ ವಿವರವನ್ನು, ಮಕ್ಕಳನ್ನೂ ಸೇರಿಸಿ, 24 ಗಂಟೆಯೊಳಗೆ ಪೊಲೀಸ್ ಇಲಾಖೆಯ ಜಾಲವ್ಯವಸ್ಥೆಗೆ ಕಳುಹಿಸುವುದು ಮಾಲೀಕರ ಕಾನೂನುಬದ್ಧ ಹೊಣೆ. ವಿವರ ಬರೆದುಕೊಂಡ ಮೇಲೆ ಪಾಸ್‌ಪೋರ್ಟು ಮರಳಿ ಪಡೆಯಿರಿ, ರಾತ್ರಿಯಿಡೀ ಅವರ ಬಳಿ ಬಿಡುವ ಅಗತ್ಯವಿಲ್ಲ. ಪ್ಯಾರಿಸ್, ಫ್ರಾಂಕ್‌ಫರ್ಟ್‌ನಂಥ ಬೇರೆ ಷೆಂಗೆನ್ ನಿಲ್ದಾಣದ ಮೂಲಕ ಇಟಲಿಗೆ ಬಂದವರು ತಾವು ಬಂದಿರುವುದನ್ನು ಎಂಟು ದಿನದೊಳಗೆ ಪೊಲೀಸರಿಗೆ ತಿಳಿಸಬೇಕೆಂಬ ನಿಯಮವಿದ್ದು, ನೋಂದಾಯಿತ ವಸತಿಯವರು ಕಳುಹಿಸುವ ಈ ಮಾಹಿತಿಯೇ ಅದಕ್ಕೂ ಸಾಲುತ್ತದೆ. ನೋಂದಣಿಯಿಲ್ಲದ ಮನೆ ಬೇಡವೆನ್ನಲು ಇದೇ ಬಲವಾದ ಕಾರಣ.

ವೆನಿಸ್‌ಗೆ ಹೋಗುವವರಿಗೆ ಇನ್ನೊಂದು ಮಾತು. ದಟ್ಟಣೆಯ ಕೆಲವು ದಿನಗಳಲ್ಲಿ ಹಗಲು ಬಂದು ಹೋಗುವವರಿಗೆ 2024ರಿಂದ ಪ್ರವೇಶ ಶುಲ್ಕ ಜಾರಿಯಲ್ಲಿದೆ. ಆ ನಗರಸಭೆಯ ವ್ಯಾಪ್ತಿಯಲ್ಲಿ, ದ್ವೀಪಗಳಾಚೆ ನೆಲದ ಮೇಲಿರುವ ಮೆಸ್ತ್ರೆ ಭಾಗವೂ ಸೇರಿದಂತೆ, ರಾತ್ರಿ ತಂಗುವವರಿಗೆ ವಿನಾಯಿತಿಯಿದೆ. ಆದರೆ ಆ ವಿನಾಯಿತಿಯ ಸಂಕೇತವನ್ನು ಜಾಲತಾಣದಲ್ಲಿ ನೋಂದಾಯಿಸಿ ಪಡೆದುಕೊಂಡಿರಬೇಕು.

ಕಾರಿನಲ್ಲಿ ಬರುವವರು ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನ ಆರ್‌ಟಿಒ ಕಚೇರಿಯಲ್ಲಿ ಮಾಡಿಸಿಕೊಂಡಿರಬೇಕು. ಹಳೆಯ ಊರುಗಳ ನಡುಭಾಗಕ್ಕೆ ಅನುಮತಿಯಿಲ್ಲದ ವಾಹನ ಹೊಕ್ಕರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಪತ್ರ ತಿಂಗಳುಗಳ ಬಳಿಕ ಭಾರತದ ವಿಳಾಸಕ್ಕೇ ಬರುತ್ತದೆ. ನಿಮ್ಮ ಮನೆ ಆ ವಲಯದೊಳಗಿದೆಯೇ, ವಾಹನ ಸಂಖ್ಯೆ ಕೊಟ್ಟರೆ ಅನುಮತಿ ಮಾಡಿಸಿಕೊಡುವರೇ ಎಂದು ಕೇಳಿ.

ಹಂತ 7: ಬೆಳಗಿನ ತಿಂಡಿ

ಇಟಲಿಯ ಮನೆಗಳಲ್ಲಿ ಬೆಳಗಿನ ತಿಂಡಿ ಸಿಹಿಯದು ಮತ್ತು ಹಗುರವಾದದ್ದು. ಮೊಕಾ ಪಾತ್ರೆಯಲ್ಲಿ ಕಾಸಿದ ಕಾಫಿ, ಬಿಸಿ ಹಾಲು, ಕೊರ್ನೆತ್ತೊ ಎಂಬ ಪದರದ ಬನ್ನು, ಫೆತ್ತೆ ಬಿಸ್ಕೊತ್ತಾತೆ ಎಂಬ ಗರಿಗರಿ ರಸ್ಕು, ಬೆಣ್ಣೆ, ಹಣ್ಣಿನ ಜಾಮ್, ಮೊಸರು, ಒಂದಿಷ್ಟು ಹಣ್ಣು ಇದ್ದರೆ ಅದು ಒಳ್ಳೆಯ ತಿಂಡಿಯೇ. ಇಡ್ಲಿ, ಉಪ್ಪಿಟ್ಟು, ದೋಸೆಗಳಿಗೆ ಒಗ್ಗಿದ ಹೊಟ್ಟೆಗೆ ಮೂರನೆಯ ದಿನ ಖಾರದ ನೆನಪಾಗುವುದು ಸಹಜ. ಕೆಲವು ಪ್ರದೇಶಗಳ ನಿಯಮಗಳು ಮನೆಯಲ್ಲಿ ಬೇಯಿಸಿದ್ದನ್ನು ಬಡಿಸಲು ಸುಲಭವಾಗಿ ಬಿಡದ ಕಾರಣ ಮೇಜಿನ ಮೇಲೆ ಪೊಟ್ಟಣದ ಬಿಸ್ಕತ್ತು, ಪೊಟ್ಟಣದ ಕೇಕು ಮಾತ್ರ ಕಂಡರೆ ಅದು ಮಾಲೀಕರ ಜಿಪುಣತನವೆಂದು ತಿಳಿಯಬೇಕಾಗಿಲ್ಲ. ನಗರಗಳಲ್ಲಿ ಅನೇಕರು ತಿಂಡಿಯನ್ನು ಮನೆಯಲ್ಲಿ ಕೊಡದೆ ಪಕ್ಕದ ಬಾರ್‌ಗೆ ಚೀಟಿ ಕೊಡುತ್ತಾರೆ. ಅಲ್ಲಿನ ಬಾರ್ ಎಂದರೆ ಕಾಫಿಯಂಗಡಿ. ಚೀಟಿಗೆ ಏನೇನು ಸಿಗುತ್ತದೆಂದು ಮೊದಲೇ ಕೇಳಿ; ಚೀಟಿಯಿಲ್ಲದೆ ಹೋದಾಗ ನಿಂತು ಕುಡಿಯುವ ಕಾಫಿಗೂ ಕುಳಿತು ಕುಡಿಯುವ ಕಾಫಿಗೂ ಬೆಲೆ ಬೇರೆಯಿರುತ್ತದೆ.

ಸಸ್ಯಾಹಾರಿಗಳು ತಮ್ಮ ಗೆರೆ ಎಲ್ಲಿದೆಯೆಂದು ಸ್ಪಷ್ಟವಾಗಿ ಹೇಳಬೇಕು. ಸೊನೊ ವೆಜೆತಾರಿಯಾನೊ, ಹೆಂಗಸರಾದರೆ ಸೊನೊ ವೆಜೆತಾರಿಯಾನಾ ಎಂದರೆ ಮಾಂಸ ಬೇಡವೆಂಬುದು ತಿಳಿಯುತ್ತದೆ. ಮೀನಿನ ವಿಷಯ ಬಿಡಿಸಿ ಹೇಳುವುದು ಒಳ್ಳೆಯದು, ಮೊಟ್ಟೆಯನ್ನಂತೂ ಹೇಳಲೇಬೇಕು. ಸೆನ್ತ್ಸಾ ಕಾರ್ನೆ, ಸೆನ್ತ್ಸಾ ಪೆಶ್ಶೆ, ಸೆನ್ತ್ಸಾ ವೊವಾ, ಅಂದರೆ ಮಾಂಸ, ಮೀನು, ಮೊಟ್ಟೆ ಇಲ್ಲದ್ದು ಎಂಬ ಮೂರು ಮಾತು ಸಾಕು. ಮೊಟ್ಟೆ ತಿನ್ನದವರಿಗೆ ಕೊರ್ನೆತ್ತೊ, ಕೇಕು, ಬಹುತೇಕ ಬಿಸ್ಕತ್ತು ಆಗುವುದಿಲ್ಲ. ಬ್ರೆಡ್ಡು, ಜಾಮ್, ಮೊಸರು, ಹಣ್ಣು ಉಳಿಯುತ್ತವೆ. ರೊಮಾನ್ಯ ಭಾಗದ ಪ್ರಸಿದ್ಧ ಪಿಯಾದೀನಾ ರೊಟ್ಟಿ ನಮ್ಮ ಚಪಾತಿಯಂತೆ ಕಂಡರೂ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಸೇರಿಸಿ ಮಾಡುವಂಥದ್ದು, ಆಲಿವ್ ಎಣ್ಣೆಯದನ್ನು ಕೇಳಿ ಪಡೆಯಬೇಕು. ಪಾರ್ಮಿಜಾನೊ ರೆಜಾನೊ ಗಿಣ್ಣಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪನ್ನೇ ಬಳಸುತ್ತಾರೆ. ಕಟ್ಟುನಿಟ್ಟಿನವರು ಇದನ್ನು ತಿಳಿದಿರಬೇಕು.

ಊರಿನಿಂದ ತಿನಿಸು ಒಯ್ಯುವವರು ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವುದು ನಿಷಿದ್ಧವೆಂಬುದನ್ನು ಮರೆಯಬಾರದು: ತುಪ್ಪ, ಧಾರವಾಡ ಪೇಡ ಮನೆಯಲ್ಲೇ ಇರಲಿ. ಬಿಸಿ ನೀರು ಹಾಕಿದರೆ ಸಿದ್ಧವಾಗುವ ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣಗಳು ಮತ್ತು ಚಟ್ನಿಪುಡಿ ಸಾಕು. ಕೋಣೆಯಲ್ಲಿ ಒಗ್ಗರಣೆ ಹಾಕುವ ಆಲೋಚನೆಯನ್ನೇ ಬಿಡಿ, ಅಡುಗೆ ಮಾಡಿಕೊಳ್ಳಲೇಬೇಕೆಂದರೆ ಕಾಸಾ ವಕಾನ್ತ್ಸೆಯನ್ನು ಆರಿಸಿ.

ಹಂತ 8: ಮನೆಯೊಳಗಿನ ದಿನಗಳು

ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ ಇರುವ ವಿದ್ಯುತ್ ಸಂಪರ್ಕ 3 ಕಿಲೋವ್ಯಾಟ್‌ನದು. ಒಂದು ಕೋಣೆಯಲ್ಲಿ ಹವಾನಿಯಂತ್ರಣ, ಇನ್ನೊಂದರಲ್ಲಿ ತಲೆಗೂದಲು ಒಣಗಿಸುವ ಯಂತ್ರ, ಅಡುಗೆಮನೆಯಲ್ಲಿ ಓವನ್ ಒಟ್ಟಿಗೆ ಓಡಿದರೆ ಇಡೀ ಮನೆ ಕತ್ತಲಾಗುತ್ತದೆ. ಅತಿಥಿಯೊಬ್ಬರು ತಮ್ಮ ರೈಸ್ ಕುಕ್ಕರನ್ನೂ ಸಿಕ್ಕಿಸಿದರೆ ಹೇಳುವುದೇ ಬೇಡ. 230 ವೋಲ್ಟ್ ವಿದ್ಯುತ್ತು ನಮ್ಮ ಉಪಕರಣಗಳಿಗೆ ಹೊಂದುತ್ತದೆ, ಆದರೆ ನಮ್ಮ ಮೂರು ದಪ್ಪ ಕಡ್ಡಿಯ ಪ್ಲಗ್ಗು ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ, ಅಡಾಪ್ಟರ್ ಒಯ್ಯಬೇಕು.

ಬಿಸಿನೀರು ಹಲವು ಹಳೆಯ ಮನೆಗಳಲ್ಲಿ ಸಣ್ಣ ಬಾಯ್ಲರಿನಿಂದ ಬರುವುದರಿಂದ ನಾಲ್ವರು ಸಾಲಾಗಿ ಸ್ನಾನಕ್ಕಿಳಿದರೆ ನಾಲ್ಕನೆಯವರಿಗೆ ತಣ್ಣೀರೇ ಗತಿ. ಇಬ್ಬರು ರಾತ್ರಿ, ಇಬ್ಬರು ಬೆಳಿಗ್ಗೆ ಎಂದು ಹಂಚಿಕೊಳ್ಳಿ. ಸ್ನಾನದ ಜಾಗದಲ್ಲಿ ಗೋಡೆಯಿಂದ ತೂಗುವ ದಾರ ಬಟ್ಟೆ ಒಣಹಾಕಲು ಇಟ್ಟದ್ದಲ್ಲ, ಎಳೆದರೆ ತುರ್ತು ಗಂಟೆ ಬಾರಿಸುತ್ತದೆ. ನಲ್ಲಿಯ ನೀರನ್ನು ಕುಡಿಯಬಹುದು.

ಕೋಣೆ ಬೆಚ್ಚಗಾಗಿಸುವುದೂ ಮಾಲೀಕರ ಇಷ್ಟಕ್ಕೆ ಬಿಟ್ಟದ್ದಲ್ಲ ಎಂಬುದು ಬಹಳ ಮಂದಿಗೆ ತಿಳಿಯದು. ಹವಾಮಾನಕ್ಕೆ ತಕ್ಕಂತೆ ದೇಶವನ್ನು ವಲಯಗಳಾಗಿ ವಿಂಗಡಿಸಿ, ಯಾವ ದಿನದಿಂದ ಯಾವ ದಿನದವರೆಗೆ ತಾಪನ ವ್ಯವಸ್ಥೆ ನಡೆಸಬಹುದೆಂದು ಸರ್ಕಾರವೇ ನಿಗದಿ ಮಾಡಿದೆ: ಮಿಲಾನ್, ಬೊಲೊನ್ಯ, ವೆನಿಸ್‌ಗಳಲ್ಲಿ ಸಾಮಾನ್ಯವಾಗಿ ಅಕ್ಟೋಬರ್ 15ರಿಂದ ಏಪ್ರಿಲ್ 15, ರೋಮ್ ಮತ್ತು ಫ್ಲಾರೆನ್ಸಿನಲ್ಲಿ ನವೆಂಬರ್ 1ರಿಂದ ಏಪ್ರಿಲ್ 15, ನೇಪಲ್ಸ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 31. ದಿನಕ್ಕೆ ಎಷ್ಟು ಗಂಟೆ ಎಂಬುದಕ್ಕೂ ಮಿತಿಯಿದೆ, ಉಷ್ಣತೆಯೂ 20 ಡಿಗ್ರಿ ಆಸುಪಾಸಿನಲ್ಲಿರಬೇಕು. ದಸರಾ ರಜೆಗೋ ಏಪ್ರಿಲ್ ಕೊನೆಗೋ ಹೋಗುವವರು ಕಲ್ಲಿನ ಗೋಡೆಯ ಹಳೆಯ ಮನೆಯಲ್ಲಿ ರಾತ್ರಿ ಚಳಿಯಾದರೆ ಜಗಳಕ್ಕಿಳಿಯದೆ ಇನ್ನೊಂದು ಕಂಬಳಿ ಕೇಳಬೇಕು. ಮಕ್ಕಳಿಗೂ ಹಿರಿಯರಿಗೂ ಸ್ವೆಟರ್ ಒಯ್ಯಬೇಕು.

ಗೋಡೆಯಾಚೆ ಮನೆಯವರೋ ನೆರೆಯವರೋ ಮಲಗಿರುತ್ತಾರೆ. ಮಧ್ಯಾಹ್ನದ ವಿಶ್ರಾಂತಿಯ ಹೊತ್ತು, ರಾತ್ರಿ ಹನ್ನೊಂದರ ನಂತರ ವಿಡಿಯೊ ಕರೆಯಲ್ಲಿ ಊರಿನವರೊಡನೆ ಗಟ್ಟಿಯಾಗಿ ಮಾತಾಡುವುದು ದೂರಿಗೆ ಕಾರಣವಾಗುತ್ತದೆ. ಕಸವನ್ನು ಹಸಿ, ಪ್ಲಾಸ್ಟಿಕ್, ಕಾಗದ, ಗಾಜು ಎಂದು ಬೇರ್ಪಡಿಸಬೇಕು.

ಹಂತ 9: ಹೊರಡುವುದು

ಬಹುಪಾಲು ಮನೆಗಳಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಕೋಣೆ ಖಾಲಿ ಮಾಡಬೇಕು, ಏಕೆಂದರೆ ಮುಂದಿನ ಅತಿಥಿಗಾಗಿ ಅದೇ ಕೈಗಳು ಗುಡಿಸಿ ಒರೆಸಬೇಕು. ಸಂಜೆಯವರೆಗೆ ಪೆಟ್ಟಿಗೆ ಇಟ್ಟುಕೊಳ್ಳುವರೇ ಎಂದು ಹಿಂದಿನ ದಿನವೇ ಕೇಳಿ. ಆಗದಿದ್ದರೆ ದೊಡ್ಡ ರೈಲು ನಿಲ್ದಾಣಗಳಲ್ಲಿ ಸಾಮಾನು ಇಡುವ ಕೊಠಡಿಗಳಿವೆ. ರೈಲು ಮುಷ್ಕರದ ದಿನಗಳು ಸಾಮಾನ್ಯವಾಗಿ ಮೊದಲೇ ಪ್ರಕಟವಾಗುತ್ತವೆ, ಆ ದಿನಗಳಲ್ಲೂ ಕೆಲಸದ ದಿನವಾದರೆ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರ ನಡುವೆ ನಿಗದಿತ ಸ್ಥಳೀಯ ರೈಲುಗಳು ಓಡುತ್ತವೆ. ಮನೆಯವರಿಗೆ ಇದರ ಸುದ್ದಿ ನಮಗಿಂತ ಮೊದಲೇ ಗೊತ್ತಿರುತ್ತದೆ, ವಿಚಾರಿಸಿ.

ವಾಸ್ತವ್ಯ ತೆರಿಗೆಯನ್ನು ಬಹಳ ಕಡೆ ನಗದಾಗಿಯೇ ಕೇಳುತ್ತಾರೆ, ಚಿಲ್ಲರೆ ಸಿದ್ಧವಿರಲಿ. ಬಾಡಿಗೆಗೆ ಮತ್ತು ತೆರಿಗೆಗೆ ರಸೀದಿ ಪಡೆಯಿರಿ. ಚಿನ್ ಸಂಖ್ಯೆಯಿದ್ದೂ ವ್ಯಾಪಾರವೆಂದು ನೋಂದಾಯಿಸಿಕೊಳ್ಳದೆ ನಡೆಸುವ ಮನೆಗಳು 77.47 ಯೂರೊ ಮೀರಿದ ರಸೀದಿಗೆ 2 ಯೂರೊ ಮೌಲ್ಯದ ಮುದ್ರಾಂಕ ಅಂಟಿಸಬೇಕಾದ್ದರಿಂದ ಆ ಎರಡು ಯೂರೊ ನಿಮ್ಮ ಲೆಕ್ಕಕ್ಕೆ ಸೇರಿದರೆ ಅಚ್ಚರಿಪಡಬೇಡಿ.

ಬೆಳಗಿನ ವಿಮಾನಕ್ಕಾಗಿ ಮನೆಯವರು ಏಳುವ ಮೊದಲೇ ಹೊರಡುವುದಾದರೆ ತಿಂಡಿಯನ್ನು ಹಿಂದಿನ ರಾತ್ರಿ ಕಟ್ಟಿಸಿಕೊಳ್ಳಬಹುದು, ಟ್ಯಾಕ್ಸಿಯನ್ನು ಅವರಿಂದಲೇ ಹೇಳಿಸಬಹುದು. ಕೀಲಿಗಳನ್ನು ಎಲ್ಲಿಡಬೇಕೆಂದೂ ಆಗಲೇ ಕೇಳಿಕೊಳ್ಳಿ. ಕೆಲವು ಕಟ್ಟಡಗಳಲ್ಲಿ ರಾತ್ರಿ ಹೊತ್ತು ಬೀದಿಯ ಬಾಗಿಲನ್ನು ಒಳಗಿನಿಂದ ತೆರೆಯಲೂ ಕೀಲಿ ಬೇಕು. ಗೊಂಚಲನ್ನು ಕೋಣೆಯೊಳಗೆ ಬಿಟ್ಟು ಬಾಗಿಲೆಳೆದುಕೊಂಡರೆ ಹಿಂದಕ್ಕೂ ಹೋಗಲಾಗದೆ, ಮುಂದಕ್ಕೂ ಹೋಗಲಾಗದೆ ಮೆಟ್ಟಿಲ ಬುಡದಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಕೆಳಗಿನ ಬಾಗಿಲು ಹೇಗೆ ತೆರೆಯುತ್ತದೆಂದು ಮೊದಲ ಸಂಜೆಯೇ ಒಮ್ಮೆ ನೋಡಿಕೊಂಡು, ಕೀಲಿಗಳನ್ನು ಹೊರಗಿನ ಅಂಚೆಪೆಟ್ಟಿಗೆಯಲ್ಲಿ ಹಾಕುವ ಏರ್ಪಾಡು ಮಾಡಿಕೊಳ್ಳಿ.